ಅಪ್ಪ ಕೇಳದೆ ಬಿಟ್ಟ ಅರ್ಥಗಳು

ಅಪ್ಪ ಬಸ್ ಕಂಡಕ್ಟರ್. ಗಜೇಂದ್ರಗಡದಿಂದ ರೋಣದ ಮೇಲೆ ನರಗುಂದಕ್ಕೆ ಹೋಗಿಬರುವ ಗಾಡಿ ಅವನದು. ಮುಂದಿನ ಸೀಟುಗಳಲ್ಲಿ ದಿನಾ ಕೂಡುತ್ತಿದ್ದವರು ಕಾಲೇಜಿನವರು, ಬ್ಯಾಂಕಿನವರು. ಅವರ ಇಂಗ್ಲಿಷ್ ಮಾತಿನಲ್ಲಿ ಒಂದು ನುಡಿಗಟ್ಟು ಕಿವಿಗೆ ಬಿದ್ದರೆ ಸಾಕು, ಟಿಕೆಟ್ ಕಾಗದದ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸಂಜೆ ನಮ್ಮೂರು ಸವಡಿಯ ಮನೆಗೆ ಬಂದು ಕೈಕಾಲು ತೊಳೆದವನೇ, ಚಹಾ ಬರುವ ಮೊದಲು, ಆ ಚೂರನ್ನು ನನ್ನ ಮುಂದೆ ಹಿಡಿಯುತ್ತಿದ್ದ. ಅವನು ಮ್ಯಾಟ್ರಿಕ್ ಇಂಗ್ಲಿಷ್ ಪಾಸಾಗಿದ್ದು ಮೂರನೆಯ ಸಲಕ್ಕೆ. ನಾನು ಆಗ ರೋಣದಲ್ಲಿ ಬಿ.ಎ. ಓದುತ್ತಿದ್ದೆ, ಅದೂ ಇಂಗ್ಲಿಷ್ ಆರಿಸಿಕೊಂಡು.

ನಾನು ಅರ್ಥ ಹೇಳಬೇಕು, ಅವನು ಅದಕ್ಕೆ ನಮ್ಮ ಕಡೆಯ ಮಾತು ಹುಡುಕಬೇಕು. ಇದು ನಮ್ಮ ಆಟ. 'ಒನ್ಸ್ ಇನ್ ಎ ಬ್ಲೂ ಮೂನ್' ಎಂದರೆ ತೀರ ಅಪರೂಪಕ್ಕೆ ಎಂದೆ. ನಾವು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅಂತೀವಿ, ಹಾಗಾದರೆ ಅವರಿಗಿಂತ ನಾವೇ ವಾಸಿ, ತಿಂಗಳಿಗೆ ಎರಡು ಸಲವಾದರೂ ಸಿಗುತ್ತೇವೆ ಎಂದು ನಕ್ಕ. 'ಬೀಟ್ ಅರೌಂಡ್ ದಿ ಬುಷ್' ಎಂದರೆ ವಿಷಯಕ್ಕೆ ಬಾರದೆ ಸುತ್ತಿಬಳಸಿ ಮಾತಾಡುವುದು ಎಂದಾಗ, ಒಳಗಿದ್ದ ಅವ್ವನಿಗೆ ಕೇಳುವ ಹಾಗೆ ದನಿ ಎತ್ತರಿಸಿದ: "ಅಂದ್ರ ನಿಮ್ಮ ಸ್ವಾದರಮಾವ. ನನ್ನ ಸೈಕಲ್ಲ ಕೇಳಾಕ ಬಂದು ತಾಸಗಟ್ಟಲೆ ಮಳಿ ಸುದ್ದಿ ಮಾತಾಡ್ತಾನಲ್ಲ, ಅದು." ಅವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ನಾನು ಬಿದ್ದು ಬಿದ್ದು ನಕ್ಕೆ. ಎಲ್ಲವನ್ನೂ ಆಮೇಲೆ ಅವನು ಒಂದು ಪಟ್ಟಿಯಲ್ಲಿ, ಅಂದರೆ ನೋಟುಬುಕ್ಕಿನಲ್ಲಿ, ಬರೆದಿಡುತ್ತಿದ್ದ.

ಓದು ಮುಗಿದು ನನಗೆ ನರಗುಂದದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ರೋಣದಲ್ಲಿ ಅಪ್ಪನ ಗಾಡಿಯನ್ನೇ ಹತ್ತುತ್ತಿದ್ದೆ. ಈಗ ಮುಂದಿನ ಸೀಟಿನವರಲ್ಲಿ ನಾನೂ ಒಬ್ಬಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲೇ, ತುಂಬಿದ ಬಸ್ಸಿನಲ್ಲಿ ಹಿಡಿದೆ.

ಅವತ್ತು ನಮ್ಮ ವಿಭಾಗದ ಮುಖ್ಯಸ್ಥರು ತಡವಾಗಿ ಓಡೋಡುತ್ತ ಬಂದರು. ಅಪ್ಪ ಗಾಡಿ ನಿಲ್ಲಿಸಿ ಹತ್ತಿಸಿಕೊಂಡು, ಟಿಕೆಟ್ ಕೊಡುತ್ತ, "ಬೆಟರ್ ಲೇಟ್ ದ್ಯಾನ್ ನೆವರ್ ಸರ್" ಎಂದ. ಬಾರದೇ ಇರುವುದಕ್ಕಿಂತ ತಡವಾಗಿಯಾದರೂ ಬಂದದ್ದು ವಾಸಿ ಎಂಬುದನ್ನು ಅವನಿಗೆ ಹೇಳಿಕೊಟ್ಟವಳು ನಾನೇ. ಮುಖ್ಯಸ್ಥರು ಜೋರಾಗಿ ನಕ್ಕರು, ಸುತ್ತಲಿನವರೂ ನಕ್ಕರು. ಅಪ್ಪ ನನ್ನ ಕಡೆ ನೋಡಿದ. ಪಾಠ ಒಪ್ಪಿಸಿದ ಹುಡುಗ ಮಾಸ್ತರರನ್ನು ನೋಡುವಂತೆ ನೋಡಿದ. ನನಗೆ ಕಂಡದ್ದು ಖಾಕಿ ಅಂಗಿ, ಹೆಗಲ ಚೀಲ, ಮತ್ತು ನಗುವ ಸಹೋದ್ಯೋಗಿಗಳು.

"ಅಪ್ಪಾ, ನೀ ಟಿಕೀಟ ಕೊಡು ಸಾಕು," ಎಂದೆ. "ಬರಲಾರದ ಭಾಷಿ ಯಾಕ ಮಾತಾಡ್ತಿ?"

ಅಪ್ಪ ಎಲ್ಲ ಪ್ರಯಾಣಿಕರಿಗೆ ಹೇಳುವ ದನಿಯಲ್ಲಿಯೇ, "ಆತ್ರಿ ಮೇಡಂ" ಎಂದು ಹಿಂದಿನ ಸೀಟುಗಳ ಕಡೆಗೆ ಹೋದ.

ಅವನು ತಪ್ಪು ಮಾತಾಡಿದ್ದರೆ ತಿದ್ದಿದೆ ಎಂಬ ಸಮಾಧಾನವಾದರೂ ಇರುತ್ತಿತ್ತು. ಆ ಮಾತನ್ನು ಅವನು ಆಡಿದ್ದು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ. ಅವರು ನಕ್ಕದ್ದೂ ಅದಕ್ಕೇ. ನನ್ನ ವಿದ್ಯಾರ್ಥಿಗಳಲ್ಲಿ ಹಾಗೆ ಆಡುವವರು ಇವತ್ತಿಗೂ ಇಬ್ಬರೋ ಮೂವರೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತಿನ ಸಂಗತಿ ನನಗೆ ಗೊತ್ತಿಲ್ಲ, ಮಾತಿನದು ಚೆನ್ನಾಗಿ ಗೊತ್ತು.

ಸಂಜೆ ಅಪ್ಪ ಎಂದಿನಂತೆ ಬಂದ, ಚಹಾ ಕುಡಿದ, ಊಟಕ್ಕೆ ಕರೆದ. ಕಾಗದದ ಚೂರು ಮಾತ್ರ ಹೊರಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನನಗೆ ಹಾಯೆನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಯೆನಿಸಿದ್ದು ಖರೆ. ಕ್ಷಮೆ ಕೇಳಬೇಕೆಂದು ಹತ್ತು ಸಲ ಅಂದುಕೊಂಡೆ. ಪರೀಕ್ಷೆ, ಮದುವೆ, ಮಗು ಎನ್ನುತ್ತ ಮುಂದೂಡಿದೆ. ಅವನು ನಿವೃತ್ತನಾದ. ಹೋದ ವರ್ಷ ಸುಗ್ಗಿಯ ಹೊತ್ತಿಗೆ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಅವ್ವ ಅವನ ಹಳೆಯ ಚರ್ಮದ ಚೀಲ ಝಾಡಿಸಿದಳು. ಪಟ್ಟಿ ಅದರಲ್ಲಿತ್ತು. ಪ್ರತಿ ಹಾಳೆಗೂ ಗೆರೆ ಎಳೆದು ಮೂರು ಭಾಗ ಮಾಡಿದ್ದ: ಅವರ ಮಾತು, ಅರ್ಥ, ನಮ್ಮ ಮಾತು. 'ಬೆಟರ್ ಲೇಟ್'ವರೆಗೆ ಮೂರೂ ತುಂಬಿದ್ದವು. ಅಲ್ಲಿಗೆ ಮುಗಿದಿರಬಹುದು ಎಂದುಕೊಂಡು ಹಾಳೆ ತಿರುವಿದೆ. ಮುಗಿದಿರಲಿಲ್ಲ. ಇನ್ನೂ ಹನ್ನೊಂದು ಹಾಳೆ ಇದ್ದವು. ಎಡಗಡೆ ಮಾತ್ರ ಬರೆದಿದ್ದ, ಉಳಿದ ಎರಡು ಭಾಗ ಖಾಲಿ. ನಿವೃತ್ತನಾದ ಮೇಲೆ ಟಿವಿಯಲ್ಲಿ ಕೇಳಿದ್ದನ್ನೂ ಬರೆದಿದ್ದ. ಕೊನೆಯದು 'ಅಂಡರ್ ದಿ ವೆದರ್'. ಅದರ ಅಕ್ಷರ ನಡುಗಿತ್ತು.

ಪೆನ್ನು ತೆಗೆದುಕೊಂಡು ಅರ್ಥ ಬರೆಯಲು ಕೂತೆ. ಇನ್ನೇನು ಮಾಡಬೇಕೋ ತೋಚಲಿಲ್ಲ. 'ಮೈಯಲ್ಲಿ ಹುಷಾರಿಲ್ಲದಿರುವುದು' ಎಂದು ಕೊನೆಯದಕ್ಕೂ ಬರೆದೆ. ನಡುವಿನ ಭಾಗವೇನೋ ತುಂಬಿತು. ಮೂರನೆಯ ಭಾಗದಲ್ಲಿ ಏನು ಬರೆದರೂ ಪಠ್ಯಪುಸ್ತಕದ ಗಾದೆಯಾಗುತ್ತಿತ್ತು, ಅಪ್ಪನ ಮಾತಾಗುತ್ತಿರಲಿಲ್ಲ. ಹಾಗೇ ಬಿಟ್ಟೆ.

ಇಷ್ಟೆಲ್ಲ ಬರೆದಿಟ್ಟವನು ಮೊಬೈಲಿನಲ್ಲಾದರೂ ಅರ್ಥ ನೋಡಬಹುದಿತ್ತಲ್ಲ ಎಂದು ಅವ್ವನನ್ನು ಕೇಳಿದೆ. ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾನೂ ಅಂದಿದ್ದೆ," ಎಂದಳು. "'ಫೋನ್ ಅರ್ಥ ಹೇಳತೈತಿ ಖರೆ, ಆದ್ರ ನಾ ಏನರ ಅಂದ್ರ ಅದು ನಗೂದಿಲ್ಲ' ಅಂದ್ರು."