ಎಂಬತ್ತರ ಮುದುಕಿಯ ದುಡ್ಡು

ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ. ಮನೆಗೆ ಕೊಡುತ್ತಾರೆ, ಕಾರಿಗೆ ಕೊಡುತ್ತಾರೆ, ಮಕ್ಕಳ ಕಾಲೇಜಿಗಂತೂ ಮನೆಬಾಗಿಲಿಗೆ ಬಂದು ಕೊಡುತ್ತಾರೆ. ಆದರೆ ಎಂಬತ್ತು ವರ್ಷದ ಹೆಂಗಸೊಬ್ಬಳು ಬ್ಯಾಂಕಿನ ಕೌಂಟರಿಗೆ ಹೋಗಿ, 'ಮಾತ್ರೆ ಕೊಳ್ಳಬೇಕು, ಬಾಡಿಗೆ ಕಟ್ಟಬೇಕು, ಇನ್ನೂ ಹತ್ತು ವರ್ಷ ಬದುಕುವ ಲಕ್ಷಣ ಕಾಣುತ್ತಿದೆ, ಸಾಲ ಕೊಡಿ' ಎಂದರೆ ಕೂರಿಸಿ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ. ಇದೇನೂ ಗುಟ್ಟಲ್ಲ. ಇಷ್ಟು ಗೊತ್ತಿದ್ದೂ ಅಮೆರಿಕದ ಬೇ ಏರಿಯಾದ ನಮ್ಮ ಜನ ಪ್ರತಿ ಏಪ್ರಿಲ್‌ನಲ್ಲಿ ಒಂದು ಅಂಗಿಗಾಗಿ ತಮ್ಮ ಮುಪ್ಪನ್ನು ಅಡವಿಡುತ್ತಾರೆ.

ಹೌದು, ಅಂಗಿಗಾಗಿ. ವಾಲ್ನಟ್ ಕ್ರೀಕ್ ಸುತ್ತಮುತ್ತಲಿನ ಕನ್ನಡದವರ ಯುಗಾದಿ ಪಂಚಾಂಗ ಹೇಳಿದ ದಿನ ಬರುವುದಿಲ್ಲ. ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರ ಬರುತ್ತದೆ. ಅಷ್ಟರಲ್ಲಿ ಕಾಲೇಜು ಅರ್ಜಿಗಳ ಉತ್ತರವೂ ಬಂದಿರುತ್ತದೆ. ಬೇವು ಬೆಲ್ಲ ಹಂಚಿ, ಪುಟಾಣಿಗಳ ಡ್ಯಾನ್ಸು ಮುಗಿದ ಮೇಲೆ, ಆ ವರ್ಷ ಕಾಲೇಜು ಸೇರುವ ಮಕ್ಕಳ ತಾಯಂದಿರನ್ನು ವೇದಿಕೆಗೆ ಕರೆಯುತ್ತಾರೆ. ರೇಷ್ಮೆ ಸೀರೆಯ ಮೇಲೆ ದಪ್ಪನೆಯ ಸ್ವೆಟ್‌ಶರ್ಟ್. ಎದೆಯ ಮೇಲೆ ಕಾಲೇಜಿನ ಹೆಸರು, ಅದರ ಕೆಳಗೆ 'ಮಾಮ್' ಎಂದು ಮೂರು ಇಂಗ್ಲಿಷ್ ಅಕ್ಷರ. ಕಾಲೇಜು ದೂರವಾದಷ್ಟೂ, ಫೀಸು ಏರಿದಷ್ಟೂ ಚಪ್ಪಾಳೆ ಜೋರು.

ಕಳೆದ ವರ್ಷ ಆ ಸಾಲಿನಲ್ಲಿ ನಿಲ್ಲಬೇಕಾಗಿದ್ದವರಲ್ಲಿ ವಸುಧಾ ಒಬ್ಬಳು. ವಯಸ್ಸು ಐವತ್ತಮೂರು. ಊರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಮೈಸೂರಿನಲ್ಲಿ ಓದು ಮುಗಿಸಿ, ಮದುವೆಯಾಗಿ ಬಂದು, ಗಂಡನ ವೀಸಾದ ಬಾಲದಂತೆ ವರ್ಷಗಟ್ಟಲೆ ಮನೆಯಲ್ಲಿ ಕೂತವಳು. ದುಡಿಯುವ ಅನುಮತಿ ಕೊನೆಗೂ ಕೈಗೆ ಬಂದ ಕಾಲಕ್ಕೆ ಗಂಡ ಹರ್ಷ ಹೃದಯ ನಿಂತು ತೀರಿಕೊಂಡ. ಮಗ ತರುಣ್ ಆಗಿನ್ನೂ ಎರಡನೇ ಕ್ಲಾಸು.

ಹರ್ಷನಿಗೆ ತಾನು ಕೆಲಸ ಮಾಡುತ್ತಿದ್ದ ಪುಟ್ಟ ಕಂಪನಿಯ ಮೇಲೆ ಎಂಥ ನಂಬಿಕೆಯೆಂದರೆ, ಸಂಬಳ ಅಲ್ಲಿಂದ, ಉಳಿತಾಯ ಅಲ್ಲೇ, ಮಾತೆತ್ತಿದರೆ ಅದರದ್ದೇ ಮಾತು. ಅವನು ಹೋದ ಮರುವರ್ಷ ಕಂಪನಿಯೂ ಹೋಯಿತು. ಷೇರು ಎಂದುಕೊಂಡಿದ್ದೆಲ್ಲ ದಿನಸಿ ಅಂಗಡಿಯ ಕೂಪನ್ನಿಗಿಂತ ಕಡೆಯಾಯಿತು. ಇರುವುದನ್ನೆಲ್ಲ ಒಂದೇ ಕಡೆ ಸುರಿಯಬಾರದು ಎಂಬುದನ್ನು ವಸುಧಾ ಯಾವ ಸೆಮಿನಾರಿನಲ್ಲೂ ಕೂತು ಕಲಿಯಲಿಲ್ಲ. ಗಂಡನ ಬೂದಿಯ ಜೊತೆ ಕಲಿತಳು.

ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದಾಗ ನಲವತ್ತು ದಾಟಿತ್ತು. ಮೊದಲ ಸಂಬಳದಿಂದಲೇ ಒಂದು ಪಾಲನ್ನು ನಿವೃತ್ತಿ ಖಾತೆಗೆ ತಿರುಗಿಸಿದಳು. ಮಾಲೀಕರೂ ಅಷ್ಟಿಷ್ಟು ಸೇರಿಸುತ್ತಿದ್ದರು. ಆ ಹಣ ಹೋಗುತ್ತಿದ್ದದ್ದು ದೇಶದ ಎಲ್ಲ ದೊಡ್ಡ ಕಂಪನಿಗಳಲ್ಲೂ ಚೂರು ಚೂರು ಕೊಳ್ಳುವ, ಶುಲ್ಕ ಕಡಿಮೆಯ, ಸಪ್ಪೆ ಫಂಡಿಗೆ. ಪಾರ್ಟಿಯಲ್ಲಿ ಹೇಳಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಅದೇ ಅದರ ಗುಣ.

ಕೊರೊನಾ ಬಂದು ಮಾರುಕಟ್ಟೆ ಮುಗ್ಗರಿಸಿದ ದಿನ ಗೆಳತಿ ಸಂಯುಕ್ತಾಳ ಗಂಡ ಅಜಯ್ ಫೋನು ಮಾಡಿದ್ದ.

"ವಸುಧಾ, ಎಲ್ಲಾ ಮಾರಿ ಹೊರಗೆ ಬನ್ನಿ! ನಾನು ಬೆಳಿಗ್ಗೇನೇ ಮಾರ್ದೆ."

"ಆ ದುಡ್ಡು ನಂಗೆ ಬೇಕಾಗೋದು ಇನ್ನು ಇಪ್ಪತ್ತು ವರ್ಷಕ್ಕೆ ಅಜಯ್. ಇವತ್ತಿನ ರೇಟು ಕಟ್ಕೊಂಡು ಏನ್ಮಾಡ್ಲಿ?"

"ನಿಮಗೆ ಸೀರಿಯಸ್‌ನೆಸ್ಸೇ ಅರ್ಥ ಆಗ್ತಿಲ್ಲ."

"ಇರ್ಬಹುದು. ಒಲೆ ಮೇಲೆ ಸಾರಿದೆ, ಫೋನ್ ಇಡ್ಲಾ?"

ಮಾರುಕಟ್ಟೆ ಮತ್ತೆ ಎದ್ದಿತು. ವಸುಧಾಳದ್ದೂ ಎದ್ದಿತು. ಅಜಯ್ ಯಾವಾಗ ಮತ್ತೆ ಒಳಗೆ ಹೋಗುವುದೆಂದು ಯೋಚಿಸುತ್ತಲೇ ಎರಡು ದೀಪಾವಳಿ ಕಳೆದ.

ಆ ಹಣ ಮುಟ್ಟಬಾರದೆಂಬ ಅವಳ ಹಟ ಗಟ್ಟಿಯಾದದ್ದು ಇದರಿಂದಲ್ಲ, ರಘೋತ್ತಮ ಎಂಬ ಹಿರಿಯರಿಂದ. ಮೈಸೂರಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದವರು. ಪಿ.ಎಫ್. ಹಣವನ್ನೆಲ್ಲ ತೆಗೆದು ಮಗನನ್ನು ಓದಿಸಿ, ಈಗ ಅವನ ಮನೆಯಲ್ಲೇ ಇದ್ದಾರೆ. ಮಗ ಒಳ್ಳೆಯವನೇ. ಒಂದು ಮಧ್ಯಾಹ್ನ ರಘೋತ್ತಮ ಔಷಧಿ ಅಂಗಡಿಯ ಕೌಂಟರಿಗೆ ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು:

"ಈ ಬಿ.ಪಿ. ಮಾತ್ರೆ ಅರ್ಧ ಮಾಡಿ ತಗೊಂಡ್ರೆ ಪರವಾಗಿಲ್ವೇನಮ್ಮ?"

"ಖಂಡಿತ ಬೇಡಿ. ಯಾಕೆ, ಮಗ ತಂದ್ಕೊಡಲ್ವಾ?"

"ಕೊಡ್ತಾನೆ. ಕೇಳಿದ್ರೆ ಯಾವತ್ತೂ ಇಲ್ಲ ಅಂದವನಲ್ಲ." ಅವರು ಚೀಲದ ಹಿಡಿ ಸರಿಮಾಡಿಕೊಂಡರು. "ಆದ್ರೆ ಕೇಳ್ಬೇಕಲ್ಲಮ್ಮ. ಕ್ಷೌರಕ್ಕೂ ಕೇಳ್ಬೇಕು, ಇದಕ್ಕೂ ಕೇಳ್ಬೇಕು."

ಊರಿಗೆಲ್ಲ ಸಾಲ ಮಂಜೂರು ಮಾಡಿದ ಮನುಷ್ಯ! ಅವತ್ತೇ ವಸುಧಾ ಮನಸ್ಸಿನಲ್ಲಿ ಗೆರೆ ಎಳೆದಳು. ಅವಳು ಯಾರ ಮುಂದೆಯೂ ಕೇಳುವುದಿಲ್ಲ. ಹೆತ್ತ ಮಗನ ಮುಂದಂತೂ ಕೇಳುವುದೇ ಇಲ್ಲ.

ಆ ಗೆರೆಯನ್ನು ಅಳಿಸಲು ಬಂದವನು ಆ ಮಗನೇ. ತರುಣನಿಗೆ ದೇಶದ ಆ ತುದಿಯ ಖಾಸಗಿ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಸಣ್ಣ ಮಾತಲ್ಲ; ಹುಡುಗ ಕಷ್ಟಪಟ್ಟು ಗಳಿಸಿದ್ದು. ಕಾಲೇಜು ಸ್ವಲ್ಪ ಸಹಾಯಧನವನ್ನೂ ತೋರಿಸಿತು. ಉಳಿದದ್ದು ಅವಳ ಸಂಬಳ ನುಂಗಿ ಮೇಲೂ ಕೇಳುವಷ್ಟಿತ್ತು. ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅವನು ಕೇಳಿದ ವಿಷಯ ಸಿಗಲಿಲ್ಲ. ಇನ್ನೊಂದು ದಾರಿಯಿತ್ತು: ಊರ ಪಕ್ಕದ ಕಮ್ಯುನಿಟಿ ಕಾಲೇಜು. ಎರಡು ವರ್ಷ ಅಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ಉಳಿದೆರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ದಾಟುವುದು. ಪದವಿ ಅದೇ, ಖರ್ಚು ಮಾತ್ರ ಹೋಲಿಕೆಗೇ ಸಿಗದಷ್ಟು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಸಾವಿರಾರು ಮಕ್ಕಳು ಮಾಡುವುದು ಇದನ್ನೇ. ನಮ್ಮವರ ಬಾಯಲ್ಲಿ ಮಾತ್ರ ಅದರ ಹೆಸರು ಪಿಸುಮಾತಿನಲ್ಲಿ ಬರುತ್ತದೆ, ಯಾರಿಗೋ ಬಂದ ಕಾಯಿಲೆಯ ಹೆಸರಿನಂತೆ.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ವಸುಧಾ ಫೋನಿನಲ್ಲಿ ತನ್ನ ಖಾತೆ ತೆರೆದು ಮಗನ ಮುಂದಿಟ್ಟಳು. ಮುಚ್ಚಿಡುವುದು ಅವಳಿಗೆ ಸರಿ ಕಾಣಲಿಲ್ಲ. ತರುಣ್ ಅಂಕಿ ನೋಡಿದ. ಅವನ ಕಣ್ಣು ಅರಳಿತು.

"ಅಮ್ಮ! ಯು ಹ್ಯಾವ್ ಇಟ್! ಇಟ್ಸ್ ರೈಟ್ ದೇರ್!"

"ಇದೆ. ಆದ್ರೆ ನಂದಲ್ಲ."

"ವಾಟ್?"

"ಎಂಬತ್ತು ವರ್ಷದ ಒಬ್ಬಳು ಮುದುಕಿ ಇದಾಳೆ. ಅವಳ ದುಡ್ಡು ಇದು. ನಾನು ಬರೀ ಕಾವಲು. ಈಗ ತೆಗೆದ್ರೆ ತೆರಿಗೆ ಬೇರೆ, ದಂಡ ಬೇರೆ. ಅದೂ ಹೋಗ್ಲಿ, ಮತ್ತೆ ತುಂಬೋಕೆ ಅವಳಿಗೆ ವರ್ಷಗಳೇ ಇಲ್ಲ. ನಿಂಗಿದೆ."

ಅವಳು ಹೇಳುವ ಮುದುಕಿ ಯಾರೆಂದು ಹುಡುಗನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖ ಕೆಂಪಾಯಿತು.

"ಸೋ ಯು ಪಿಕ್ಡ್ ಹರ್. ಓವರ್ ಮೀ."

"ಹೌದು ಕಣೋ. ಅವಳನ್ನ ನಾನು ಈಗ ನೋಡ್ಕೊಳ್ಳದಿದ್ರೆ ನಾಳೆ ನೀನು ನೋಡ್ಕೋಬೇಕು. ನಿನ್ನ ಹೆಂಡ್ತಿ ಮುಂದೆ ನಿಂತು ಅವಳು ಹೇರ್‌ಕಟ್ಟಿಗೆ ದುಡ್ಡು ಕೇಳ್ಬೇಕು. ಬೇಕಾ ನಿಂಗೆ?"

"ಐ ವುಡ್ ಗಿವ್ ಹರ್!"

"ಕೊಡ್ತೀಯ. ಗೊತ್ತು. ಕೇಳೋಳು ನಾನಲ್ವಾ?"

ಬಾಗಿಲು ದಡಾರನೆ ಬಡಿಯಿತು. ಮುಂದಿನ ಕೆಲವು ವಾರ ಆ ಅಪಾರ್ಟ್‌ಮೆಂಟಿನಲ್ಲಿ ಮಾತಿಗಿಂತ ಮೈಕ್ರೋವೇವಿನ ಸದ್ದೇ ಹೆಚ್ಚಾಗಿತ್ತು. ವಸುಧಾ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅತ್ತಳು. ಅತ್ತ ಮಾತ್ರಕ್ಕೆ ಗೆರೆ ಅಳಿಸಲಿಲ್ಲ. ತ್ಯಾಗಮಯಿ ತಾಯಿ ಎನಿಸಿಕೊಳ್ಳುವುದು ಸುಲಭ. ಒಂದು ಸಹಿ ಹಾಕಿದರೆ ಮುಗಿಯಿತು, ಊರೆಲ್ಲ ಕೈ ಮುಗಿಯುತ್ತದೆ. ಆ ತ್ಯಾಗದ ಬಿಲ್ಲು ಮೂವತ್ತು ವರ್ಷದ ನಂತರ ಅದೇ ಮಗನ ಮನೆಗೆ ಹೋಗುತ್ತದೆ ಎಂದು ಕೈ ಮುಗಿಯುವವರು ಯಾರೂ ಹೇಳುವುದಿಲ್ಲ.

ಯುಗಾದಿಗೆ ಮುಂಚೆ ಸಂಯುಕ್ತಾ ಫೋನು ಮಾಡಿದಳು. ಸಮಾರಂಭದ ಉಸ್ತುವಾರಿ ಅವಳದೇ. ಅವಳ ಮಗಳೂ ದೂರದ ಖಾಸಗಿ ಕಾಲೇಜಿಗೆ ಹೊರಟಿದ್ದಳು.

"ವಸು, ಲಿಸ್ಟಲ್ಲಿ ತರುಣ್‌ದು ಯಾವ ಕಾಲೇಜು ಬರೀಲೇ?"

ವಸುಧಾ ಕಮ್ಯುನಿಟಿ ಕಾಲೇಜಿನ ಹೆಸರು ಹೇಳಿದಳು.

"ತಮಾಷೆ ಮಾಡ್ಬೇಡ. ಅಷ್ಟು ಒಳ್ಳೇ ಅಡ್ಮಿಷನ್ನು ಬಿಟ್ಟು? ನಾವೂ ಏನ್ ನೋಟಿನ ಕಂತೆ ಇಟ್ಕೊಂಡಿದೀವಾ? ಅಜಯ್ ರಿಟೈರ್‌ಮೆಂಟ್ ಅಕೌಂಟ್ ಮೇಲೇ ಲೋನು ತಗೊಂಡ್ರು. ದುಡ್ಡು ಮಕ್ಕಳಿಗಿಂತ ಹೆಚ್ಚೇನೇ?"

"ಅಂಗಿ ಹಾಕ್ಕೊಂಡೇ ಬರ್ಬೇಕಾ?"

"ಅಯ್ಯೋ, ನೀನ್ ಬೇಡ ಬಿಡು, ಸುಮ್ನೆ ಎಂಬರಾಸಿಂಗು. ನಿನ್ ಹೆಸ್ರು ಸ್ಕಿಪ್ ಮಾಡ್ತೀನಿ."

ಮಾರನೆಯ ದಿನ ವಸುಧಾ ಕಮ್ಯುನಿಟಿ ಕಾಲೇಜಿನ ಅಂಗಡಿಗೆ ಹೋದಳು. ಹಸಿರು ಸ್ವೆಟ್‌ಶರ್ಟ್ ಸಿಕ್ಕಿತು. 'ಮಾಮ್' ಎಂದಿರುವುದು ಇರಲಿಲ್ಲ. ಅಂಥ ಅಂಗಿ ಇಲ್ಲಿ ಯಾರೂ ಕೇಳಿಲ್ಲ ಎಂದಳು ಅಂಗಡಿಯ ಹುಡುಗಿ. ಅಂಟಿಸುವ ಅಕ್ಷರ ಕೊಂಡು ತಂದು, ಇಸ್ತ್ರಿಪೆಟ್ಟಿಗೆ ಒತ್ತಿ, ವಸುಧಾ ಆ ಮೂರಕ್ಷರವನ್ನು ತಾನೇ ಕೂರಿಸಿದಳು.

ಶನಿವಾರ ಸಭಾಂಗಣ ತುಂಬಿತ್ತು. ಸಂಯುಕ್ತಾ ಮೈಕಿನಲ್ಲಿ ಹೆಸರು ಕರೆಯುತ್ತಿದ್ದಳು, ತಾಯಂದಿರು ಸಾಲುಗಟ್ಟುತ್ತಿದ್ದರು. ಹೆಸರುಗಳು ಮುಗಿದವು. ಆಗ ಮಾವಿನಕಾಯಿ ಬಣ್ಣದ ಸೀರೆಯ ಮೇಲೆ ಹಸಿರು ಅಂಗಿ ತೊಟ್ಟ ವಸುಧಾ ಕರೆಯದೆಯೇ ಮೆಟ್ಟಿಲು ಹತ್ತಿ ಸಾಲಿನ ಕೊನೆಗೆ ನಿಂತಳು. ಸಂಯುಕ್ತಾ ಮೈಕಿಗೆ ಅಂಗೈ ಅಡ್ಡ ಹಿಡಿದು ಹತ್ತಿರ ಬಂದಳು.

"ಏನೇ ಇದು? ದುಡ್ಡಿನ ಪ್ರಾಬ್ಲಮ್ಮಿದ್ರೆ ಹೇಳ್ಬಾರ್ದಿತ್ತಾ? ಎಲ್ರೂ ಸೇರಿ ಏನಾದ್ರೂ ಮಾಡ್ತಿದ್ವಿ."

ಅಂಗೈ ಸರಿಯಾಗಿ ಮುಚ್ಚಿರಲಿಲ್ಲ. ಸಭೆಗೆಲ್ಲ ಕೇಳಿಸಿತು. ವಸುಧಾ ಬಾಗಿ ಮೈಕಿಗೇ ಹೇಳಿದಳು:

"ದುಡ್ಡಿಲ್ಲ ಅಂತ ಯಾರು ಹೇಳಿದ್ದು? ದುಡ್ಡಿದೆ. ಕೊಡಲ್ಲ ಅಂದೆ. ಅದು ನನ್ನ ಮುಪ್ಪಿಂದು. ನನ್ನ ಮಗ ಓದ್ತಾನೆ, ನಾನು ಅವನ ಮುಂದೆ ಕೈ ಚಾಚಲ್ಲ. ಎರಡೂ ಆಗೋ ದಾರಿ ಇದು. ಚಪ್ಪಾಳೆ ಬೇಕಾಗಿಲ್ಲ."

ಯಾರೂ ತಟ್ಟಲಿಲ್ಲ. ಮೂರನೇ ಸಾಲಿನಲ್ಲಿ ರಘೋತ್ತಮ ಮಗನ ಪಕ್ಕ ಕೂತಿದ್ದರು. ಅವರು ಮಾತ್ರ ತಲೆ ತಗ್ಗಿಸಿ ಪಂಚೆಯ ಅಂಚನ್ನು ನೋಡುತ್ತಿದ್ದರು.

ಊಟ ಮುಗಿಸಿ ಕಾರಿನ ಬಾಗಿಲು ತೆಗೆಯುವಾಗ ಹಿಂದಿನಿಂದ ಅಜಯ್ ಓಡುನಡಿಗೆಯಲ್ಲಿ ಬಂದ.

"ವಸುಧಾ, ಒಂದ್ನಿಮಿಷ. ಆಫೀಸಲ್ಲಿ ಲೇಆಫ್ ಅಂತ ಸುದ್ದಿ ಇದೆ. ಕೆಲಸ ಹೋದ್ರೆ ಆ ಲೋನು ಬೇಗನೇ ವಾಪಸ್ ಕಟ್ಬೇಕಂತೆ, ಇಲ್ಲಾಂದ್ರೆ ಪೂರ್ತಿ ತೆರಿಗೆ ಹಾಕ್ತಾರಂತೆ. ನಿಜಾನಾ?"

"ನಿಜ. ತಗೊಳ್ಳೋವಾಗ ಓದ್ಲಿಲ್ವಾ?"

"ಎಲ್ಲಿ ಓದೋದು? ಅಂಗಿ ಆರ್ಡರ್ ಮಾಡೋ ಗಡಿಬಿಡಿ." ಅವನು ಸುತ್ತ ನೋಡಿದ. "ಕೇಳ್ದೆ ಅಂತ ಸಂಯುಕ್ತಂಗೆ ಹೇಳ್ಬೇಡಿ."

ಅವಳು ಮನೆ ಸೇರುವ ಮೊದಲೇ ಸಭೆಯಲ್ಲಿ ಯಾರೋ ಹಿಡಿದ ವಿಡಿಯೊ ಮನೆ ಸೇರಿತ್ತು. ತರುಣ್ ಬಾಗಿಲಲ್ಲೇ ನಿಂತಿದ್ದ.

"ಯು ವೋರ್ ದಟ್? ಇನ್ ಫ್ರಂಟ್ ಆಫ್ ಎವ್ರಿವನ್?"

"ಹೂಂ."

ಅವನು ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ದಿ ಸೆಕೆಂಡ್ ಎಮ್ ಈಸ್ ಕ್ರುಕೆಡ್," ಎಂದು ಒಳಗೆ ಹೋದ. ಬಾಗಿಲು ಬಡಿಯಲಿಲ್ಲ.

ಈಗ ಅವನು ಬೆಳಿಗ್ಗೆ ಬಸ್ಸು ಹಿಡಿದು ಆ ಕಾಲೇಜಿಗೇ ಹೋಗುತ್ತಾನೆ. ಪೂರ್ತಿ ಕ್ಷಮಿಸಿದ್ದಾನೆ ಎಂದರೆ ಸುಳ್ಳು. ಕ್ಷಮೆಯನ್ನು ವಸುಧಾ ಕೇಳಿಯೂ ಇಲ್ಲ. ಒಂದೊಂದು ಸಂಜೆ ಬ್ಯಾಗು ಎಸೆದು, ಕೊಂಕು ದನಿಯಲ್ಲಿ, ತನ್ನ ಇಂಗ್ಲಿಷಿಗೆ ಒಂದೇ ಒಂದು ಕನ್ನಡ ಪದ ಬೆರೆಸಿ ವಿಚಾರಿಸುತ್ತಾನೆ: "ಹೌ ಈಸ್ ದಟ್ ಮುದುಕಿ?"

"ಚೆನ್ನಾಗಿದಾಳೆ," ಎನ್ನುತ್ತಾಳೆ ವಸುಧಾ, ದೋಸೆ ಮಗುಚುತ್ತಾ. "ನಿನ್ನ ಹತ್ರ ಏನೂ ಬೇಡ ಅಂತ ಹೇಳು ಅಂದ್ಲು."

ನಿಮ್ಮ ಮನೆಯಲ್ಲೂ ಒಬ್ಬಳು ಮುದುಕಿಯೋ ಒಬ್ಬ ಮುದುಕನೋ ಇದ್ದಾನೆ. ಇನ್ನೂ ಹುಟ್ಟಿಲ್ಲ, ನಿಮ್ಮ ಮೈಯೊಳಗೇ ಕೂತು ಕಾಯುತ್ತಿದ್ದಾನೆ. ಅವನ ಹಣಕ್ಕೆ ಈ ಏಪ್ರಿಲ್‌ನಲ್ಲಿ ನೀವು ಕೈ ಹಾಕುವವರಿದ್ದೀರಿ, ಅದಕ್ಕೆ ಪ್ರೀತಿ ಎಂದು ಹೆಸರಿಡುವವರಿದ್ದೀರಿ. ತೆಗೆಯಿರಿ ಕೈ. ಇವತ್ತೇ ಮಗನನ್ನೋ ಮಗಳನ್ನೋ ಊಟದ ಮೇಜಿಗೆ ಕರೆದು ನಿಮ್ಮ ಖಾತೆ ತೆರೆದು ತೋರಿಸಿ, ಇದು ಯಾರದ್ದೆಂದು ಹೇಳಿ, ಅವರು ಬಾಗಿಲು ಬಡಿದರೆ ಬಡಿಯಲಿ. ಅಂಗಿಯ ಆರ್ಡರು ಆಮೇಲೆ ಕೊಡಿ.