ಅವ್ವ ಹೋಗಿ ಆಂಟಿ ಆದದ್ದು

ಬುತ್ತಿಯ ಹೋಳಿಗೆಗೆಂದು ಶೇಂಗಾ ಹುರಿಯುತ್ತಿದ್ದೆ. ಮಗಳಿಗೆ ಏಳು ತಿಂಗಳು ತುಂಬಿತ್ತು. ನಮ್ಮ ಕಡೆ ಬಸುರಿಗೆ ಹಸಿರು ರವಿಕೆ, ಕುಬಸ ಅಂತೀವಿ, ಅದನ್ನು ತೊಡಿಸಿ ಉಡಿ ತುಂಬುವಾಕೆ ತವರಿನ ಅವ್ವ. ಬುತ್ತಿ ಕಟ್ಟಿಕೊಂಡು ಹೋಗುವಾಕೆಯೂ ಅವಳೇ.

ಮಗಳು ಅಂತೀನಿ, ನಾನು ಹೆತ್ತವಳಲ್ಲ. ಮೈದುನನ ಮಗಳು. ಹೆತ್ತಾಕೆ ಬಾಣಂತನದಲ್ಲೇ ತೀರಿಕೊಂಡಳು, ಕೂಸನ್ನು ನನ್ನ ಉಡಿಯಲ್ಲಿ ಹಾಕಿದರು. ನನಗೆ ಮಕ್ಕಳಾಗಿರಲಿಲ್ಲ. ದೇವರು ಹಿಂಗಾದರೂ ಕೊಟ್ಟನಲ್ಲ ಅಂತ ಕೈಮುಗಿದೆ. ಮಾತು ಬಂದಾಗ ಕೂಸು ನನ್ನನ್ನು ಅವ್ವ ಅಂತಲೇ ಕರೆಯಿತು. ಮದುವೆಯಲ್ಲಿ ಧಾರೆ ಎರೆದವರೂ ನಾವೇ ಗಂಡ ಹೆಂಡತಿ. ಈಗ ಅವಳು ಗಜೇಂದ್ರಗಡದಲ್ಲಿ ಗಂಡನ ಮನೆಯಲ್ಲಿದ್ದುಕೊಂಡು ಇಂಗ್ಲಿಷ್ ಸಾಲಿಯಲ್ಲಿ ಕಲಿಸುತ್ತಾಳೆ.

ಅಷ್ಟರಲ್ಲಿ ಇಲ್ಲಿ ರೋಣದ ನಮ್ಮ ಓಣಿಯ ಬಟ್ಟೆ ಹೊಲಿಯುವಾಕೆ ಬಂದಳು. ಆಕೆಯ ತಂಗಿಯ ಮನೆಯೂ ಗಜೇಂದ್ರಗಡದಲ್ಲೇ. ಮೊನ್ನೆ ಆಕೆ ಅಲ್ಲಿಗೆ ಹೊರಟಾಗ ಕೈಯಲ್ಲಿ ಕುಬಸ ಕೊಟ್ಟು, ಅಳತೆ ಸರಿ ಆಗ್ತದೇನು ತೊಡಿಸಿ ನೋಡಿ ಬಾ ಅಂದಿದ್ದೆ. ಅದೇ ಕುಬಸವನ್ನು ಚೀಲದಿಂದ ತೆಗೆದು ಕಟ್ಟೆ ಮೇಲಿಟ್ಟಳು. ಹಾಕಿದ ಮಡಿಕೆ ಬಿಚ್ಚಿರಲಿಲ್ಲ.

"ಬಿಗಿ ಆತೇನ?"

"ತೊಟ್ಟು ನೋಡಲೇ ಇಲ್ರಿ ಅಕ್ಕಾರ. ಸಾಲಿ ಟೀಚರ್ ಇಬ್ರು ಬಂದು ಕುಂತಿದ್ರು. ಇದನ್ನ ಯಾರು ಕಳಿಸ್ಯಾರ ಅಂತ ಕೇಳಿದ್ರು. ನಿಮ್ಮ ಮಗಳು, 'ರೋಣದಾಗ ಒಬ್ರು ಆಂಟಿ ಅದಾರ, ಅವರು' ಅಂದ್ಳು."

"ಮತ್ತ?"

"'ಮಮ್ಮಿ ಆಗಲೇ ಹೊಲಿಸ್ಯಾರ, ಇದು ಬ್ಯಾಡ' ಅಂತ ವಾಪಸ್ ಕೊಟ್ಳು."

"ಮಮ್ಮಿ ಯಾರು?"

"ಆಕಿ ಅತ್ತೀನ ರೀ. ಸಿಟ್ಟಾಗಬ್ಯಾಡ್ರಿ."

ಆಂಟಿ ಅನ್ನೋ ಮಾತು ನನಗೇನು ಹೊಸದಲ್ಲ. ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವನು ಅಂತಾನೆ, ಗ್ಯಾಸ್ ತರುವವನು ಅಂತಾನೆ. ಹೆಸರು ಗೊತ್ತಿಲ್ಲದವರು ಕರೆಯಲಿಕ್ಕೆ ಚಲೋ ಮಾತದು, ಕರೆದರೆ ಓ ಅಂತೀನಿ. ಆದರೆ ಜ್ವರ ಬಂದಾಗ ನನ್ನ ಎದೆ ಮೇಲೆ ಮಲಗಿದ ಹುಡುಗಿಗೆ ನಾನು ಯಾರೆಂದು ಗೊತ್ತಿರಲಿಲ್ಲವೇ? ಕರೆಯುವ ಮಾತು ಕಡಿಮೆ ಬಿತ್ತು ಅನ್ನೋಣವೆಂದರೆ, ಅತ್ತೆಗೆ ಮಮ್ಮಿ ಅನ್ನಲಿಕ್ಕೆ ಸಿಕ್ಕಿತ್ತಲ್ಲ.

ಫೋನ್ ಹಚ್ಚಿದೆ.

"ಹೇಳ್ರಿ ಆಂಟಿ," ಅಂದಳು. ಹಿಂದೆ ಯಾರೋ ನಗುತ್ತಿದ್ದರು. ಮುಂಚೆ ಫೋನೆತ್ತಿದರೆ 'ಏನಬೇ ಅವ್ವ, ಉಂಡಿ?' ಅಂತಿದ್ದಳು.

"ನಾ ಯಾವಾಗಿಂದ ಆಂಟಿ ಆದೆ?"

ಎದ್ದು ಆಚೆ ಹೋದಳು ಅನಿಸಿತು. ದನಿ ಸಣ್ಣದಾಯಿತು. "ಬ್ಯಾಸರ ಮಾಡ್ಕೋಬ್ಯಾಡ. ಅವ್ವ ಅಂದ್ರ ಎಲ್ಲಾರೂ, ನಿಮ್ಮ ಅವ್ವ ತೀರಿಕೊಂಡಾರಲ್ಲಾ, ಈಕಿ ಯಾರು ಅಂತಾರ. ಪ್ರತಿ ಸಲ ಆ ಕಥಿ ಎಷ್ಟಂತ ಹೇಳ್ಲಿ? ಆಂಟಿ ಅಂದ್ರ ಅಲ್ಲಿಗೆ ಮುಗೀತದ."

"ಹೌದು, ಮುಗೀತದ," ಅಂದೆ.

ಮತ್ತೆ ಯಾರೋ ಹತ್ತಿರ ಬಂದಿರಬೇಕು. "ಕುಬಸದ ಫಂಕ್ಷನ್ ಹಾಲ್‌ನಾಗ ಇಟ್ಟೇವ್ರಿ. ಮಮ್ಮಿ ಉಡಿ ತುಂಬತಾರ. ನೀವು ಅಂಕಲ್ ಇಬ್ರೂ ಊಟಕ್ಕ ಬಂದುಬಿಡ್ರಿ."

"ಬುತ್ತಿ?"

"ಬುತ್ತಿ ಯಾಕ್ರಿ ಆಂಟಿ, ಅಡಿಗಿಯವರಿಗೆ ಹೇಳೇವಲ್ಲ."

ಅಂಕಲ್ ಅಂದದ್ದು ನಮ್ಮ ಮನೆಯವರಿಗೆ. ಹೆಗಲ ಮೇಲೆ ಹೊತ್ತು ಸಾಲಿಗೆ ಬಿಟ್ಟವರಿಗೆ. ಬಾಯಿಗೆ ಬಂದದ್ದನ್ನು ನುಂಗಿ, "ಕೂಸು ಒದಿತೈತೇನ?" ಅಂತ ಕೇಳಿದೆ.

"ಭಾಳ ಒದಿತೈತಿ," ಅಂದಳು. ಅದೊಂದು ಮಾತು ಹಳೇ ದನಿಯಲ್ಲಿ ಬಂತು.

ಫೋನ್ ಇಟ್ಟು ಕುಬಸವನ್ನು ದೇವರ ಜಗಲಿಯ ಮೇಲಿಟ್ಟೆ. ಎರಡೂ ಜೀವ ಚಲೋ ಇಡಪ್ಪ ಅಂದೆ. ನನಗಾಗಿ ಏನು ಕೇಳಬೇಕೋ ತಿಳಿಯಲಿಲ್ಲ. ಆ ಹೊಲಿಯುವಾಕೆ ನಾನು ಮಾತಾಡುವಾಗಲೇ ಗ್ಯಾಸ್ ಆರಿಸಿದ್ದಳು. ಶೇಂಗಾ ಹೊತ್ತಿರಲಿಲ್ಲ, ಅದೊಂದು ದೇವರ ದಯೆ. ಈ ಓಣಿಯಲ್ಲಿ ನನ್ನನ್ನು ಅಕ್ಕಾರ ಅನ್ನುವವಳು ಪಕ್ಕದಲ್ಲಿ ಕುಂತಿದ್ದಾಳಲ್ಲ, ಅದೂ ಒಂದು.

"ಹೋಳಿಗಿಗೆ ಬೆಲ್ಲ ಕುಟ್ಟಿ ಕೊಡ್ಲೇನ್ರಿ?" ಅಂದಳು.

"ಬ್ಯಾಡವಾ. ಚಟ್ನಿ ಮಾಡ್ತೀನಿ."

ಬೆಲ್ಲವನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಶೇಂಗಾದ ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಲಿಕ್ಕೆ ಕುಂತೆ.