ಟೈಲರಮ್ಮನ ಮನೆಯ ಆಕ್ಸಿಜನ್ ಪೆಟ್ಟಿಗೆ

ಈ ಬೀದಿಗೆ ಬಂದ ಹೊಸತರಲ್ಲಿ ಎದುರುಮನೆಯ ಟೈಲರಮ್ಮನ ಸಂಸಾರದ ಮೇಲೆ ನನಗೆ ಅಪಾರ ಕನಿಕರವಿತ್ತು. ಬೆಳಿಗ್ಗೆ ಅವರ ಮನೆಯಿಂದ ಗಾಲಿಕುರ್ಚಿ ಹೊರಗೆ ಹೋದರೆ ಸಂಜೆ ವಾಕರ್ ಒಳಗೆ ಬರುತ್ತಿತ್ತು. ಆಸ್ಪತ್ರೆಯ ಕಬ್ಬಿಣದ ಮಂಚವೊಂದು ಗೋಡೆಗೆ ಒರಗಿ ತನ್ನ ಸರದಿ ಕಾಯುತ್ತಿತ್ತು. ಒಂದೇ ಮನೆಯಲ್ಲಿ ಇಷ್ಟು ಜನ ಹಾಸಿಗೆ ಹಿಡಿದಿದ್ದಾರಲ್ಲ ಎಂದು ಮರುಗಿ, ಕಿತ್ತಳೆ ಹಣ್ಣು ಕಟ್ಟಿಸಿಕೊಂಡು, ಮುಖವನ್ನು ಸಂದರ್ಭಕ್ಕೆ ತಕ್ಕಷ್ಟು ಸಪ್ಪಗೆ ಮಾಡಿಕೊಂಡು ಹೋದೆ. ರೋಗಿಗಳು ಹೇಗಿದ್ದಾರೆ ಎಂದು ವಿಚಾರಿಸಿದೆ.

"ಯಾವ ರೋಗಿ?" ಟೈಲರಮ್ಮ ಹಣ್ಣು ಇಸಿದುಕೊಂಡರು. "ಹೇಗೂ ಬಂದಿದ್ದೀರಲ್ಲ, ಆ ಮಂಚ ಒಂದು ಕಡೆ ಹಿಡ್ಕೊಳ್ಳಿ ಸಾರ್."

ಮಂಚ ಹೊತ್ತು ಪಕ್ಕದ ಬೀದಿ ಸೇರುವಷ್ಟರಲ್ಲಿ ಕಥೆ ತಿಳಿಯಿತು. ಟೈಲರಮ್ಮನ ಮಾವ ತೀರಿಕೊಂಡಾಗ ಅವರ ಗಾಲಿಕುರ್ಚಿಯನ್ನು ಅತ್ತೆ ಯಾರಿಗೋ ಕೊಟ್ಟರಂತೆ. ಅದು ಹಿಂತಿರುಗುವಾಗ ಒಂದು ಊರುಗೋಲನ್ನೂ ಜೊತೆಗೆ ಕರೆತಂದಿತು. ಹೀಗೆ ಬಳಗ ಬೆಳೆಯಿತು. ಸೈಕಲ್ ರಿಪೇರಿ ಮಾಡುವ ಗಂಡನಿಗೆ ಗಾಲಿಗಳ ಉಸ್ತುವಾರಿ, ಮಗಳಿಗೆ ತೊಳೆಯುವ ಕೆಲಸ, ಹರಿದ ಸೀಟುಗಳು ಟೈಲರಮ್ಮನ ಸೂಜಿಯ ಕೆಳಗೆ. ಬಾಡಿಗೆ ಎಂಬ ಮಾತಿಲ್ಲ. ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಅತ್ತೆಯ ಕಾನೂನು.

ಗಾಳಿಯಿಂದ ಆಕ್ಸಿಜನ್ ಹಿಡಿದುಕೊಡುವ ಪೆಟ್ಟಿಗೆ ಮಾತ್ರ ಅವರಲ್ಲಿ ಇದ್ದದ್ದು ಒಂದೇ. ಕಾನೂನು ಮಾಡಿದ ಅತ್ತೆಗೇ ನ್ಯುಮೋನಿಯಾ ಬಂದು ಆ ಪೆಟ್ಟಿಗೆ ಅವರ ಮಂಚದ ಪಕ್ಕ ಗುಂಯ್‌ಗುಡುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನಾನು ಅಲ್ಲಿಗೆ ಹೋಗಿದ್ದೆ. ಬೀದಿ ತುದಿಯ ಕ್ಷೌರದಂಗಡಿಯವನು ಅಂಗಿಯ ಮೇಲಿನ ಕೂದಲನ್ನೂ ಕೊಡವದೆ ಓಡಿಬಂದ. ಅವನಪ್ಪನಿಗೆ ಉಸಿರು ಕಟ್ಟುತ್ತಿದೆಯಂತೆ. ಆಂಬುಲೆನ್ಸ್ ದಾರಿಯಲ್ಲಿದೆ ಎನ್ನುತ್ತಾರೆ, ಯಾವ ದಾರಿ ಎಂದು ಮಾತ್ರ ಹೇಳುವುದಿಲ್ಲ. ಪೆಟ್ಟಿಗೆ ಕೇಳಲು ಬಾಯಿ ತೆರೆದವನು ಅತ್ತೆಯ ಮೂಗಿನ ಕೊಳವೆ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

ಅತ್ತೆಗೆ ಕೇಳಿಸಿತ್ತು. ಕೊಳವೆ ಕಿತ್ತು ಬದಿಗಿಟ್ಟರು. "ತಗೊಂಡು ಹೋಗಪ್ಪ."

"ಅತ್ತೆ, ಅದನ್ನ ಮುಟ್ಟಬೇಡಿ."

"ಇಲ್ಲ ಅನ್ನೋ ಮಾತು ನನ್ನ ಮನೇಲಿ ಆಡಬೇಡ ಕಣೇ" ಎನ್ನುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತು. ಟೈಲರಮ್ಮ ಬಲವಂತವಾಗಿ ಕೊಳವೆ ಸಿಕ್ಕಿಸಿದರು. ಅತ್ತೆ ಅದನ್ನು ಮತ್ತೆ ಕಿತ್ತರು. ಕ್ಷೌರದವನು ಅತ್ತ ಒಳಗೂ ಬಾರದೆ ಇತ್ತ ಹೊರಗೂ ಹೋಗದೆ ನಿಂತಿದ್ದ. ಹಿರಿಯನಾಗಿ ಏನಾದರೂ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಗಂಟಲು ಸರಿಯಾಯಿತು, ಮಾತು ಬರಲಿಲ್ಲ.

"ಪೆಟ್ಟಿಗೆ ಕೊಡಲ್ಲ" ಎಂದರು ಟೈಲರಮ್ಮ. ಕ್ಷೌರದವನ ಮುಖ ಬಾಡಿತು. "ನಿಮ್ಮಪ್ಪನ್ನೇ ಇಲ್ಲಿಗೆ ಕರ್ಕೊಂಡು ಬಾ. ಕುರ್ಚಿ ತಗೋ, ಓಡು. ಸಾರ್, ನೀವೂ ಹೋಗಿ."

ಸಡಿಲವಾಗಬೇಕಿದ್ದ ಪ್ಯಾಂಟಿನಲ್ಲೇ ಓಡಿದೆ. ಮುದುಕನನ್ನು ಕೂರಿಸಿಕೊಂಡು ಬರುವಷ್ಟರಲ್ಲಿ ಬಟ್ಟೆ ಕತ್ತರಿಸುವ ಮೇಜು ಖಾಲಿಯಾಗಿತ್ತು. ಅದರ ಮೇಲೆ ಹೊಲಿಯದ ಬಟ್ಟೆಗಳ ಗಂಟಿಗೆ ಅವನನ್ನು ಒರಗಿಸಿದೆವು. ಇಬ್ಬರಿಗೂ ಕೊಳವೆ ಬೇರೆ ಬೇರೆ, ಪೆಟ್ಟಿಗೆ ಒಂದೇ. ಮೈಯಲ್ಲಿನ ಆಕ್ಸಿಜನ್ ಅಳೆಯಲು ಬೆರಳಿಗೆ ಕಚ್ಚಿಸುವ ಕ್ಲಿಪ್ಪು ಇಬ್ಬರ ನಡುವೆ ಓಡಾಡುತ್ತಿತ್ತು. ಯಾರ ಅಂಕಿ ಇಳಿಯುತ್ತದೋ ಅವರ ಕೊಳವೆ ಪೆಟ್ಟಿಗೆಗೆ. ಪೆಟ್ಟಿಗೆಗೆ ಕರೆಂಟ್ ಸಾಲದೆ ಹೋದೀತೆಂದು ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಆರಿಸಲು ನನಗೆ ಆಜ್ಞೆಯಾಯಿತು. ಒಮ್ಮೆ ದೀಪ ಮಂಕಾಗಿ, ಗುಂಯ್ ಎನ್ನುವ ಸದ್ದು ಸಣ್ಣಗಾಗಿ, ಮತ್ತೆ ಸರಿಹೋಯಿತು. ಯಾರೂ ಉಸಿರೆತ್ತಲಿಲ್ಲ. ಎತ್ತಬೇಕಾದವರಿಗೂ ಆಗುತ್ತಿರಲಿಲ್ಲ.

"ನನ್ನ ಸರದಿ ಬಂದಾಗಲೇ ಇವನಿಗೆ ಕೆಮ್ಮು" ಎಂದು ಅತ್ತೆ ಮೆಲ್ಲಗೆ ದೂರಿದರು. ಮುದುಕ ನಗಲು ಹೋಗಿ ಇನ್ನಷ್ಟು ಕೆಮ್ಮಿದ. ಮಗ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದ.

ಕೊನೆಗೂ ಆಂಬುಲೆನ್ಸಿಗೆ ದಾರಿ ಸಿಕ್ಕಿತು. ಮುದುಕ ಉಳಿದುಕೊಂಡ. ಅತ್ತೆಯೂ ಚೇತರಿಸಿಕೊಂಡು, ತಮ್ಮ ಮಾತು ಮೀರಿದ ಸೊಸೆಯ ಜೊತೆ ಕೆಲವು ದಿನ ಮಾತು ಬಿಟ್ಟರು.

ಆಮೇಲೆ ಸಡಿಲಿಸಲು ಕೊಟ್ಟಿದ್ದ ಪ್ಯಾಂಟು ಇಸಿದುಕೊಳ್ಳಲು ಹೋದಾಗ ನನ್ನೊಳಗಿನ ಭಾಷಣಕಾರ ಸುಮ್ಮನಿರಲಿಲ್ಲ. ಅಂಥ ಗಳಿಗೆಯಲ್ಲಿ ಸೇವೆ ದೊಡ್ಡದೋ ಸಂಬಂಧ ದೊಡ್ಡದೋ ಎಂಬ ಜಿಜ್ಞಾಸೆ ತಮ್ಮನ್ನು ಕಾಡಲಿಲ್ಲವೇ ಎಂದು ಕೇಳಿದೆ.

ಟೈಲರಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿದರು. "ಇಲ್ಲ ಸಾರ್. ಕರೆಂಟ್ ಹೋಗದಿದ್ರೆ ಸಾಕು ಅನ್ಕೋತಿದ್ದೆ."